ಮುಕ್ಕಾಲಿಂಚಿನ ಎಲ್ಬೋ

ಹೊನ್ನೇಶಣ್ಣ ಟೈಪು ಮಾಡುವುದಿಲ್ಲ.
ವಾಯ್ಸ್ ಮೆಸೇಜೂ ಇಲ್ಲ; ಯಾರದೋ ಬಚ್ಚಲಲ್ಲಿ ನಿಂತು ಮಾತಾಡಿದರೆ
ಮಾತೆಲ್ಲ ಗೋಡೆಗೆ ಬಡಿದು ಗುಂಯ್ ಅನ್ನುತ್ತದಂತೆ.
ಒದ್ದೆ ಬೆರಳನ್ನು ಪ್ಯಾಂಟಿಗೆ ಒರೆಸಿ
ಮೊಬೈಲಿನ ಬಿಳಿ ಹಲಗೆ ತೆರೆದು
ಬೇಕಾದ್ದನ್ನು ಗೀಚಿ ಕಳಿಸುತ್ತಾನೆ.

ಕಟ್ಟಿನಕೆರೆ ಮಾರುಕಟ್ಟೆಯ ಹಿಂದೆ ನಮ್ಮ ಅಂಗಡಿ.
ಅವನನ್ನು ಓದುವವಳು ಇಲ್ಲಿ ನಾನೊಬ್ಬಳೇ.
ಮಾಲೀಕರು ಕನ್ನಡಕ ಹಣೆಗೇರಿಸಿ
'ಇದೇನು ಮುಬೀನಾ, ಹಾವೋ ಹುಣಸೇಕಾಯೋ?' ಅನ್ನುತ್ತಾರೆ.
ಎಲ್ಬೋ ಅನ್ನುತ್ತೇನೆ, ಮುಕ್ಕಾಲಿಂದು.
ಅರ್ಧ ಇಂಚಿಗೆ ಅವನದು ಒಂದೇ ಗೆರೆ,
ಮುಕ್ಕಾಲಿಗೆ ಗೆರೆಯ ಮೇಲೊಂದು ಗೆರೆ.
ಟೀ ಅಂದರೆ ಕೈಚಾಚಿ ನಿಂತ ಮನುಷ್ಯ, ತಲೆಯಿಲ್ಲ.
ನಲ್ಲಿಯ ದಾರಕ್ಕೆ ಸುತ್ತುವ ಟೇಪು
ಚಕ್ಕುಲಿ.
ಒಮ್ಮೊಮ್ಮೆ ಮೂಲೆಯಲ್ಲಿ 'ಬೇಗ' ಎಂದಿರುತ್ತದೆ,
ಗ-ದ ಒಂದು ಕಾಲು ಪರದೆಯಾಚೆ. ಅವಸರ ನಿಜವೇ.

ಒಂದು ದಿನ ಬಂತು: ಬೋರಲು ಬೋಗುಣಿ,
ಕೆಳಗೆ ಹನಿ ಹನಿ ಹನಿ.
ಶವರ್ ಅಂದುಕೊಂಡೆ. ನಾಲ್ಕಿಂಚಿಂದೋ ಆರಿಂಚಿಂದೋ
ಕೇಳದೆ, ಎರಡನ್ನೂ ಕಟ್ಟಿ
ಸಾಲಗಾಮೆ ರಸ್ತೆಗೆ ಆಟೋದಲ್ಲಿ ಕಳಿಸಿದೆ.
ಸಂಜೆ ಎರಡನ್ನೂ ಹಿಡಿದು ಬಂದ, ತಲೆಯಿಂದ ನೀರು ಸೋರುತ್ತ:
'ಮಳೆ ಕಣಮ್ಮ. ಈಗ ಬರಕ್ಕಾಗಲ್ಲ ಅಂತ ಬರೆದಿದ್ದೆ.'
ಆಟೋದ ಎಂಬತ್ತು ರೂಪಾಯಿ ನನ್ನ ಸಂಬಳದಲ್ಲಿ ಹೋಯಿತು.

ನಾನೇನು ಬರೆಯುತ್ತಿದ್ದೆ ಅವನಿಗೆ?
ಫೋನು ಕೊಡುವ ಹಳದಿ ಹೆಬ್ಬೆರಳು ಒತ್ತುತ್ತಿದ್ದೆ.
ಉಗುರಲ್ಲಿ ಸಿಮೆಂಟಿಲ್ಲದ, ಯಾರದೂ ಅಲ್ಲದ ಹೆಬ್ಬೆರಳು.
ಜಾಗ ತುಂಬಿತು ಎಂದು ಫೋನು ಅತ್ತಾಗೆಲ್ಲ
ನೆಂಟರ ಶುಭೋದಯಗಳನ್ನು, ಗುಲಾಬಿಗಳನ್ನು ಅಳಿಸಿದೆ.
ಅವನ ಸೊಟ್ಟ ವಾಲ್ವುಗಳು ಹಾಗೇ ಉಳಿದವು,
ಬಿಲ್ಲಿಗೆ ಬೇಕಾಗಬಹುದು ಎಂದು ನನಗೆ ನಾನೇ ಹೇಳಿಕೊಂಡು.

ಆಮೇಲೆ ಹತ್ತೊಂಬತ್ತು ದಿನ ಏನೂ ಬರಲಿಲ್ಲ.
ಆಷಾಢ, ಗೃಹಪ್ರವೇಶ ಇಲ್ಲ, ಕೆಲಸ ಕಮ್ಮಿ
ಅಂದರು ಮಾಲೀಕರು.
ಇಪ್ಪತ್ತನೆಯ ಬೆಳಿಗ್ಗೆ, ಇನ್ನೂ ಷಟರು ಅರ್ಧ ಎತ್ತಿದ್ದೆ,
ಬಂತು ಎಲ್ಬೋ.
ಬಗ್ಗಬೇಕಾದಲ್ಲಿ ಬಗ್ಗಿಲ್ಲ.
ನಡುಗಿ, ನಿಂತು, ಮತ್ತೆ ಹೊರಟ ಗೆರೆ,
ಒಂದನೇ ಕ್ಲಾಸಿನ ಸ್ಲೇಟಿನ ಅ ಇದ್ದ ಹಾಗೆ.
ಮೇಲಿನ ಗೆರೆ ಕೆಳಗಿನದನ್ನು ಹುಡುಕುತ್ತ
ಎಲ್ಲಿಗೋ ಹೋಗಿಬಿಟ್ಟಿದೆ.
'ಬೇಗ' ಇಲ್ಲ.

ಎಡಗೈ.
ಯಾರನ್ನೂ ಕೇಳಬೇಕಿರಲಿಲ್ಲ.

ಸಾಮಾನು ಒಯ್ಯಲು ಬಂದ ಹುಡುಗ ಹೇಳಿದ:
ಪೆನ್ಷನ್ ಮೊಹಲ್ಲಾದಲ್ಲಿ ಟ್ಯಾಂಕಿನ ಪಕ್ಕ ಏಣಿ ಜಾರಿತು,
ಮುರಿದದ್ದು ಮೊಣಕೈ.
'ಎಲ್ಬೋನೇ ಅಕ್ಕ' ಎಂದು ಹಲ್ಲುಬಿಟ್ಟ,
ನನ್ನ ಮುಖ ನೋಡಿ ಮುಚ್ಚಿಕೊಂಡ.
ಟೈಪು ಮಾಡಿ ಕಳಿಸಿದ್ದರೆ?
ಕೀಲಿಮಣೆಯ ಅಕ್ಷರಕ್ಕೆ ಎಡ ಬಲ ಇಲ್ಲ,
ಪ್ಲಾಸ್ಟರಿನೊಳಗಿಂದಲೂ ಇಸ್ತ್ರಿ ಹಾಕಿಕೊಂಡೇ ಬರುತ್ತಿತ್ತು.
ನಾನು ಹೆಬ್ಬೆರಳು ಒತ್ತುತ್ತಿದ್ದೆ.

ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋದ ಮೇಲೆ
ಮೊದಲ ಸಲ ಬಿಳಿ ಹಲಗೆ ತೆರೆದೆ.
ಹೂವು ಬರೆದರೆ ವಾಲ್ವಿನ ಚಕ್ರ ಅಂದುಕೊಂಡಾನು.
ಕಣ್ಣೀರು ಬರೆದರೆ, ಯಾವ ನಲ್ಲಿ ಸೋರುತ್ತಿದೆ ಎಂದು ಕೇಳಿಯಾನು.
ನಾಲ್ಕು ಸಲ ಅಳಿಸಿದೆ.
ಮೊಳೆ ತೂಗಿಸಲು ಬಂದವರು ಕಾದು ಗೊಣಗಿದರು.
ಕಡೆಗೊಂದು ಎಲ್ಬೋ ಎಳೆದೆ, ಮುಕ್ಕಾಲಿಂದೇ,
ಅದರ ಮಡಿಕೆಗೆ ಸುತ್ತಿಗೆ ಸುತ್ತು
ಅವನದೇ ಚಕ್ಕುಲಿ ಸುತ್ತಿ
ಕಳಿಸಿದೆ.

ನಿಮಿಷವಾಗಿಲ್ಲ, ಫೋನು ಬಡಿದುಕೊಂಡಿತು.
ಹೊನ್ನೇಶಣ್ಣ, ಗಾಬರಿಯಲ್ಲಿ:
'ಯಾಕವ್ವ, ನಿನ್ನ ಕೈಗೇನಾಯ್ತು?'

ಏನಿಲ್ಲಣ್ಣ,
ಅದು ನನ್ನ ಬಲಗೈಯೇ.