ಮೂವತ್ತೇಳು ಕಂಬ

ನಮ್ಮ ಭಾಗಪತ್ರದಲ್ಲಿ ಎಕರೆ ಗುಂಟೆಯ ಮಾತಿಲ್ಲ,
ಕಂಬಗಳ ಲೆಕ್ಕ.
ಕಳವಾರ ಬೆಟ್ಟದ ಮಗ್ಗುಲಿನ ನಾನೂರ ಹನ್ನೆರಡು ಕಲ್ಲುಕಂಬ
ಹಿರಿಯವನಿಗೆ, ಬಾವಿ ಸಮೇತ.
ಮೋರಿಯಾಚೆ ಮೂವತ್ತೇಳು
ಕಿರಿಯವ ಅವಲಪ್ಪನಿಗೆ,
‘ಕುಡಿದವನಾದ್ದರಿಂದ.’

ಕುಡಿದದ್ದೇನು? ನಮ್ಮದೇ ಹಣ್ಣಿನ ರಸ,
ನಮ್ಮದೇ ಪೀಪಾಯಿಯಿಂದ, ನಮ್ಮದೇ ಹಿತ್ತಾಳೆ ಲೋಟದಲ್ಲಿ.

ಮುತ್ತಾತ ಪಿಳ್ಳಾಂಜಿನಪ್ಪ ನಂದಿಯ ಬಂಗಲೆಯ ಮಾಲಿ.
ದೊರೆ ಹಡಗು ಹತ್ತಿದ ವರ್ಷ
ಸವರಿ ಬಿಸಾಕಿದ ಬಳ್ಳಿಯ ಒಂಬತ್ತು ತುಂಡು
ಒದ್ದೆ ಪೇಟದಲ್ಲಿ ಸುತ್ತಿಕೊಂಡು
ಬೆಟ್ಟ ಇಳಿದನಂತೆ. ಏಳು ಒಣಗಿದವು.
ಎರಡು ಚಿಗುರಿದ್ದೇ ತಡ, ಊರಿಗಾಗುವಷ್ಟು ಚಪ್ಪರದ ಕನಸು;
ಬಂಡೆ ಸೀಳಿದ ಚೌಡಪ್ಪನಿಗೆ
ಕಂಬಕ್ಕೊಂದು ಸೇರು ರಾಗಿ.

ಪಾದ್ರಿಗಳು ಬಂದದ್ದು ಆಮೇಲೆ.
ಚಿನ್ನದ ಗಣಿಯ ಇಗರ್ಜಿಗೆ ಪೂಜೆಯ ರಸ ಬೇಕು,
ಸೀಮೆಯಿಂದ ಬರುತ್ತಿದ್ದುದು ಯುದ್ಧಕ್ಕೆ ನಿಂತುಹೋಗಿತ್ತು.
ಪೀಪಾಯಿ ಕೊಟ್ಟರು, ಮಾಡುವ ಬಗೆ ಬರೆದುಕೊಟ್ಟರು.
ಓದು ಬಾರದ ಅಜ್ಜಿ ಬಚ್ಚಮ್ಮ
ಚೀಟಿ ಮಡಿಸಿ ದೇವರ ಗೂಡಿನಲ್ಲಿಟ್ಟು
ದೋಸೆಹಿಟ್ಟಿನ ಬುದ್ಧಿಯಲ್ಲೇ ಕೆಲಸ ತೆಗೆದಳು.
ಶನಿವಾರ ತಲೆಗೆ ನೀರು ಹಾಕಿಕೊಂಡು
ಪೀಪಾಯಿಗೆ ಕಿವಿ ಇಡುವಳು.
ಗುಜುಗುಜು ಅಂದರೆ ಎಳಸು,
ಪಿಸುಗುಟ್ಟಿದರೆ ಇನ್ನೊಂದು ವಾರ,
ಸುಮ್ಮನಿದ್ದರೆ ಸೋಸು.
ನಲವತ್ತು ವರ್ಷ. ನಾಲಿಗೆಗೊಂದು ತೊಟ್ಟು ಸೋಕಿಸಲಿಲ್ಲ.
‘ಮಾರೋದು ಬೇರೆ, ಮುಟ್ಟೋದು ಬೇರೆ ಕಣಮ್ಮ.’
ನನಗದು ಅಂದೂ ತಿಳಿಯಲಿಲ್ಲ, ಇಂದೂ.

ಒಂದು ವರ್ಷ ಗಣಿಯೂರಿನಿಂದ ಹನ್ನೊಂದು ಪೀಪಾಯಿ
ಹೋದ ಗಾಡಿಯಲ್ಲೇ ಮರಳಿ ಬಂದವು.
ಕೆಟ್ಟಿದೆ ಅಂದರು, ಏನೆಂದು ಹೇಳಲಿಲ್ಲ.
ಬಚ್ಚಮ್ಮ ಕಿವಿ ಇಟ್ಟಳು: ಸುಮ್ಮನಿತ್ತು,
ಒಳ್ಳೆಯ ರಸದಷ್ಟೇ ಸುಮ್ಮನೆ.
ತಾತ ಬಿಸಿಲಿಗೆ ಹಿಡಿದು ಬಣ್ಣ ನೋಡಿದ, ಮೂಸಿದ, ಬೈದ.
ಇಡೀ ಮನೆತನದಲ್ಲಿ ರುಚಿ ಬಲ್ಲವನು ಒಬ್ಬ,
ಅವನೊಡನೆ ಮಾತು ಬಿಟ್ಟು ಆರು ವರ್ಷ.

ಹೇಳಿಕಳಿಸಲಿಲ್ಲ. ಕತ್ತಲಾದ ಮೇಲೆ
ಲೋಟ ತುಂಬಿ ಮೋರಿ ದಡದ ಚಪ್ಪಡಿಯ ಮೇಲೆ
ಇಟ್ಟು ಬಂದಳು ಬಚ್ಚಮ್ಮ,
ಹೊರಗಿನ ನಾಯಿಗೆ ಮುದ್ದೆ ಇಟ್ಟ ಹಾಗೆ.
ಬೆಳಿಗ್ಗೆ ಬರಿ ಲೋಟ. ಪಕ್ಕದಲ್ಲಿ ಇದ್ದಿಲ ಬರಹ.
ಮೂರನೇ ಕ್ಲಾಸಿನ ನಮ್ಮಪ್ಪ ಅಕ್ಷರ ಕೂಡಿಸಿ ಓದಿದ:
ಮೈ... ಲು... ತು... ತ್ತ.
ಕೊಯ್ಲಿಗೆ ಹತ್ತು ದಿನವಿದೆ ಅನ್ನುವಾಗ
ಔಷಧಿ ಹೊಡೆಸಿದ್ದು ತಾತನೇ.

ಅಲ್ಲಿಂದಾಚೆ ಪ್ರತಿ ಬೆಳೆಗೂ ಲೋಟ ಹೋಗುತ್ತಿತ್ತು,
ಮಾತು ಬರುತ್ತಿತ್ತು:
ಅವಸರ.
ತೊಟ್ಟು ಜಾಸ್ತಿ.
ಪರವಾಗಿಲ್ಲ.
ಒಮ್ಮೆ ಮಾತ್ರ, ಹುರಿದ ಹುಣಸೆಬೀಜ.
ಬೈಗುಳವೋ ಮೆಚ್ಚುಗೆಯೋ
ದಾಟಿ ಹೋಗಿ ಕೇಳಿದವರಿಲ್ಲ. ಮೋರಿ ಮೂರಡಿ ಅಗಲ.

ನಮ್ಮಪ್ಪನ ಕಾಲಕ್ಕೆ ನೀಲಿ ದ್ರಾಕ್ಷಿ ಬೇರುಸಮೇತ ಹೋಯಿತು.
ನಾಲಿಗೆ ತಿರುಗದ ಹೆಸರಿನ ಬಳ್ಳಿಗಳು ಬಂದವು,
ಸ್ಟೀಲಿನ ಟ್ಯಾಂಕು, ಗೇಟಿಗೊಂದು ಬೋರ್ಡು.
ಭಾನುವಾರ ಕಾರುಗಳ ಸಾಲು.
ನಾನು ಗ್ಲಾಸು ತಿರುಗಿಸಿ, ಬಾಯಿ ಮುಕ್ಕಳಿಸಿ, ಉಗಿಯುತ್ತೇನೆ.
ಉಗಿಯುವುದು ಕಲಿಯಲೆಂದೇ ನಾಸಿಕದಲ್ಲಿ ಎರಡು ವರ್ಷ ಇದ್ದೆ.
ಚೆರ್ರಿ ಅನ್ನುತ್ತೇನೆ, ಕರಿಮೆಣಸು ಅನ್ನುತ್ತೇನೆ,
ಬಂದವರು ತಲೆದೂಗುತ್ತಾರೆ.
ಚೆರ್ರಿ ತಿಂದದ್ದು ಕೇಕಿನ ಮೇಲಿನದು.

ಅವಲಪ್ಪ ಮದುವೆಯಾಗಲಿಲ್ಲ. ಹೀಗಾಗಿ
ಮೂವತ್ತೇಳೂ ತಿರುಗಿ ನಮಗೇ ಬಂತು,
ಹಳೆಯ ನೀಲಿ ಬಳ್ಳಿ ಅಲ್ಲಿ ಮಾತ್ರ ಉಳಿದಿದೆ,
ತೊಡೆ ಗಾತ್ರದ ಬುಡ, ಸವರುವವರಿಲ್ಲದ ತಲೆ.
ಅಪ್ಪ ಆ ಕಡೆ ನೋಡುವುದಿಲ್ಲ.

ಈ ಸಲ ಆ ಹಣ್ಣನ್ನೇ ಬೇರೆಯಾಗಿ
ಉಪ್ಪಿನಕಾಯಿಯ ಜಾಡಿಯಲ್ಲಿ ಹಾಕಿಟ್ಟಿದ್ದೆ.
ನಿನ್ನೆ ಕಿವಿ ಇಟ್ಟೆ. ಸುಮ್ಮನಿತ್ತು.
ಲೋಟದಲ್ಲಿ ಬಗ್ಗಿಸಿದೆ. ಉಗಿಯಲಿಲ್ಲ.

ಇದ್ದಿಲು ಹಿಡಿದು ಚಪ್ಪಡಿಯ ಮುಂದೆ ಕೂತಿದ್ದೇನೆ.
ಹುಣಸೆಬೀಜ ಅಲ್ಲ.
ಅದರ ಹತ್ತಿರದ್ದೇನೋ.