ಆರರ ಕೆಳಗೊಂದು ಗೆರೆ

ತಾರ್ತುವಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ನನ್ನ ಗ್ರಂಥಾಲಯ. ಓದಲೆಂದು ಬರುವವರು ಕಡಿಮೆ,
ಬೆಚ್ಚಗಿದೆಯೆಂದು ಬರುವವರೇ ಹೆಚ್ಚು.
ಆತ ಬಂದದ್ದು ಫೆಬ್ರುವರಿಯಲ್ಲಿ, ಗಡ್ಡದ ತುಂಬ ಹಿಮ,
ಪೈಪ್ಸಿ ಸರೋವರದ ದಂಡೆಯ
ಹಳೆ ನಂಬುಗೆಯವರ ಊರಿಂದ. ಹೆಸರು ಕುಪ್ರಿಯಾನ್.
ಟೊಪ್ಪಿಯೊಳಗಿಂದ ಚೀಟಿ ತೆಗೆದ.
ಎಂಟು ಅಂಕಿ. ಬೇರೇನಿಲ್ಲ.

"ಡಾಕ್ಟರು ಕೊಟ್ಟದ್ದು. ಇದರಲ್ಲಿ ನನ್ನ ಹೆಂಡತಿ ಇದ್ದಾಳಂತೆ."

ಒತ್ತಿದೆ.
ಬಂದದ್ದು ಟಗರಿನ ಗೊರಸಿನ ಕೊಳೆರೋಗ,
ನ್ಯೂಜಿಲೆಂಡಿನದು, ಹನ್ನೊಂದು ಪುಟ, ನಾಲ್ಕು ಕೋಷ್ಟಕ.
ಹೇಳಿದೆ. ಹೇಳಬಾರದಿತ್ತೇನೋ.
ಆತ ನಕ್ಕುಬಿಟ್ಟ: "ಕುರಿ ಅಂದರೆ ಆಗುತ್ತಿರಲಿಲ್ಲ ಅವಳಿಗೆ.
ಈರುಳ್ಳಿ ಮಡಿಗೆ ನುಗ್ಗುತ್ತವೆ ಅಂತ."

ಚೀಟಿಯನ್ನು ದೀಪಕ್ಕೆ ಹಿಡಿದೆ. ಐದನೆಯ ಅಂಕಿಯ
ಸುಳಿಯನ್ನಷ್ಟೇ ಉಳಿಸಿ
ಬಾಲವನ್ನು ಮಡಿಕೆ ತಿಂದಿತ್ತು.
ಒಂಬತ್ತೆಂದುಕೊಂಡಿದ್ದೆ; ಆರು ಹಾಕಿದೆ.

ಬಂದಳು.
ಬಂತು, ಅನ್ನಬೇಕು: ಅಪರೂಪದ ನರರೋಗ, ಐವರು ರೋಗಿಗಳು.
ಇಂಗ್ಲಿಷನ್ನು ಅವನ ರಷ್ಯನ್ನಿಗೆ ಇಳಿಸುತ್ತ ಓದಿದೆ:
ಮೂರನೆಯ ರೋಗಿ, ಹೆಂಗಸು, ಐವತ್ತೆಂಟು ವರ್ಷ,
ಬೇಸಾಯ. ಮೊದಲ ಲಕ್ಷಣ,
ಜಡೆ ಹೆಣೆಯುವಾಗ ಬೆರಳು ತಪ್ಪುವುದು.
"ಈರುಳ್ಳಿ ಜಡೆ," ತಿದ್ದಿದ. "ತಲೆಯದಲ್ಲ.
ಅದನ್ನು ಬರೆದಿಲ್ಲವಾ?"
ಬರೆದಿರಲಿಲ್ಲ.
"ಹೆಸರು?"
ಹಾಕುವುದಿಲ್ಲ ಎಂದೆ.
"ಅಗ್ರಾಫೆನಾ," ಎಂದ, ನಾನು ಕೇಳದೆಯೇ.

"ಹಾಗಾದರೆ ಈ ನಂಬರು ಅವಳದಾ?"
ಅವಳದಲ್ಲ, ಲೇಖನದ್ದು. ಕಡಲಾಚೆ ಒಂದು ಕಟ್ಟಡದಲ್ಲಿ
ಲೇಖನಗಳು ಬಂದ ಹಾಗೆ ಸಾಲು ನಿಲ್ಲುತ್ತವೆ.
ಹಿಂದಿನದು ಹಲ್ಲಿರಬಹುದು, ಮುಂದಿನದು ಇಲಿಯ ಮೂತ್ರಪಿಂಡ;
ಸರದಿಗೆ ಸಿಕ್ಕ ಸಂಖ್ಯೆ ಅದಕ್ಕೆ. ಅಂಕಿಗಳಲ್ಲಿ ಅರ್ಥವಿಲ್ಲ,
ಹುಟ್ಟಿದ ದಿನವಿಲ್ಲ, ಊರಿಲ್ಲ,
ಕರುಣೆಯಂತೂ ಇಲ್ಲವೇ ಇಲ್ಲ.

ಬೆರಳಿಂದ ಗಡ್ಡದ ನೀರು ಹಿಂಡಿದ.
"ಆಮೇಲೆ ಇದನ್ನು ಬೇರೆಯವರಿಗೆ ಕೊಡುತ್ತಾರಾ?"
ಇಲ್ಲ. ಕೊಟ್ಟದ್ದು ಕೊಟ್ಟದ್ದೇ.
"ಸಮಾಧಿಯ ಜಾಗಕ್ಕೂ ಇಷ್ಟು ಗಟ್ಟಿ ಮಾತು
ಕೊಡಲಿಲ್ಲ ನಮಗೆ."

ನನಗೂ ಮಾತು ಬಂತು ಆಗ. ಹೇಳಿದೆ:
ಲಿಮಾದಲ್ಲೊಬ್ಬ ವೈದ್ಯೆ ರಾತ್ರಿ ಪಾಳಿಯಲ್ಲಿ
ಇನ್ನಾರದೋ ಬೆರಳು ತಪ್ಪುವುದನ್ನು ಕಂಡು
ಇವೇ ಎಂಟನ್ನು ಒತ್ತಿದರೆ
ಇದೇ ಪುಟ ಬರುತ್ತದೆ, ಇವಳೇ ಮೂರನೆಯವಳು.
ಎದ್ದು ಟೊಪ್ಪಿ ಹಾಕಿಕೊಂಡ.
"ಅವರಿಗೆ ಹೇಳಿ. ಈರುಳ್ಳಿ ಜಡೆ ಅಂತ."

ಯಾರಿಗೆ ಹೇಳಲಿ.
ಆ ಸಂಜೆ ಪುಟದ ಅಂಚಿನಲ್ಲಿ
ಪೆನ್ಸಿಲ್ಲಿನಿಂದ ಬರೆದಿಟ್ಟೆ, ನನ್ನ ಪ್ರತಿಯಲ್ಲಿ ಮಾತ್ರ.

ಸೆಪ್ಟೆಂಬರ್. ರಜೆ ಮುಗಿಸಿ ಬಂದರೆ
ಬಾಗಿಲ ಹಿಡಿಗೆ ಒಂದು ಈರುಳ್ಳಿ ಜಡೆ,
ಹೊಂಬಣ್ಣ, ಇಪ್ಪತ್ತೋ ಇಪ್ಪತ್ತೊಂದೋ ಗೆಡ್ಡೆ.
ಹೆಣಿಗೆ ಮೂರು ಕಡೆ ತಪ್ಪಿತ್ತು, ಕಲಿಯುತ್ತಿದ್ದಾನೆ.
ತುದಿಗೆ ದಾರ ಕಟ್ಟಿದ ರಟ್ಟು;
ಹೆಸರಿಲ್ಲ, ವಂದನೆಯಿಲ್ಲ, ಎಂಟು ಅಂಕಿ.
ಐದನೆಯದರ ಕೆಳಗೆ
ರಟ್ಟು ಹರಿಯುವಷ್ಟು ಒತ್ತಿ ಎಳೆದ
ಒಂದು ಗೆರೆ.