ಡಿಕ್ಕಿಯೊಳಗ

ದಾನಮ್ಮಾ, ಹೊಲಿಗಿ ಮಿಶಿನ್ ರಿಪೇರಿ ಆಮ್ಯಾಲ,
ಮೊದಲ ಈ ಸ್ಕೂಟರ್ ಕಲಿ.
ಚಾಲೂ ಆಗವಲ್ದು ಅಂತ ಸುಮ್ಮಸುಮ್ಮಕ ಒದಿಬ್ಯಾಡ.
ಮಗ್ಗಲಕ ವಾಲಿಸು,
ಕಿವ್ಯಾಗ ನೀರು ಹೊಕ್ಕವರು ತಲಿ ಬಾಗಸ್ತಾರಲ್ಲ, ಹಂಗ.
ಹತ್ತು ಎಣಿಸು. ನೆಟ್ಟಗ ನಿಲ್ಲಿಸು. ಈಗ ಒದಿ.

ಆಗಲಿಲ್ಲಾ?
ಹಂಗಾರ ಡಿಕ್ಕಿ ತಗಿ.

ಇದು ಪ್ಲಗ್ ಪಾನಾ. ಇದು ಪಾಲಿಶ್ ಪೇಪರ್, ಮಸಿ ತಿಕ್ಕಾಕ.
ಪ್ಲಗ್ ಎರಡವ, ಒಂದು ಹೊಸಾದು, ಒಂದು ಮುದುಕಾದದ್ದು.
ಮುದುಕಾದದ್ದು ಒಗಿಬ್ಯಾಡ,
ಹೊಸಾದು ಕೈಕೊಟ್ಟಾಗ ಮನಿ ತನಕ ಮುಟ್ಟಸೋದು ಅದ.
ಕ್ಲಚ್ ವಾಯರ್ ಸುತ್ತಿ ಇಡು, ಮಡಚಬ್ಯಾಡ.
ಶರಬತ್ತಿನ ಬಾಟ್ಲ್ಯಾಗ ಗಾಡಿ ಎಣ್ಣಿ,
ಸಣ್ಣ ಬಾಟ್ಲ್ಯಾಗ ಮಿಶಿನ್ ಎಣ್ಣಿ,
ಬುತ್ತಿ ಎರಡರಿಂದನೂ ದೂರ.
ಒಮ್ಮಿ ಎಣ್ಣಿ ಸೋರಿ ಕಡಕ್ ರೊಟ್ಟಿ ಎಲ್ಲಾ ನೆನದಿತ್ತು;
ನನ್ನ ಉಸ್ತಾದ ರಜಾಕಸಾಬ ಅದನ್ನ ಶೇಂಗಾ ಚಟ್ನಿ ಹಚ್ಚಿ ತಿಂದ,
‘ಗಾಡಿ ದಿನಾ ತಿಂತದ, ನಾ ಒಂದಿನ ತಿಂದ್ರ ಏನಾತು’ ಅಂತ.
ರಾತ್ರಿ ಏನಾತು ಅಂತ ಹೇಳಲಿಲ್ಲ.

ಹರದ ಸೈಕಲ್ ಟ್ಯೂಬು, ಬಟ್ಟಿನಷ್ಟು ಅಗಲ, ಮೊಳ ಉದ್ದ:
ಏನು ಸಡಲಾದ್ರೂ ಇದರ್ಲೇ ಬಿಗಿ.
ನಾಗಣಸೂರಿನ ಹಾದ್ಯಾಗ ಹೆಡ್‌ಲೈಟೇ ಕಟ್ಟೀನಿ,
ವಾಗ್ದರಿಯೊಳಗ ಒಬ್ಬಾಕಿ ಪೆಡಲ್ ಪಟ್ಟಾ ಕಟ್ಟೀನಿ,
ಹೊಸಾ ಪಟ್ಟಾ ತರ್ತೀನಿ ಅಂದು ನಾಕು ವರ್ಷಾತು,
ಆಕಿ ಕೇಳಿಲ್ಲ, ನಾ ಒಯ್ದಿಲ್ಲ, ಮಿಶಿನ್ ನಡದದ.

ಈಗ ಈ ಜರ್ದಾ ಡಬ್ಬಿ. ಅಲುಗಾಡಿಸು. ನಟ್ಟಲ್ಲ ಅವು.

ಮೈಂದರ್ಗಿ ದಾಟಿದ್ದೆ, ದುಧನಿ ಇನ್ನಾ ದೂರ,
ಸಂಕ್ರಮಣದ ಮುಂದಿನ ಥಂಡಿ,
ಗಾಡಿ ಎರಡು ಸಲ ಕೆಮ್ಮಿ ನಿಂತ್ತು.
ಪ್ಲಗ್ ಇತ್ತು, ಪೇಪರ್ ಇತ್ತು,
ಪಾನಾ ಇಲ್ಲ. ಯಾರೋ ಬೇಡ್ಯಾರ, ನಾನ ಕೊಟ್ಟೀನಿ.
ಕಬ್ಬಿನ ಟ್ರ್ಯಾಕ್ಟರ್ ಬಂತು, ಬೀಡ ಕಡಿಯವ,
ನನಗ ಅವನ ಮರಾಠಿ ಅರ್ಧ ತಿಳಿತು, ಅವನಿಗಿ ನನ್ನ ಕನ್ನಡ ಒಟ್ಟs ಇಲ್ಲ,
ಆದ್ರ ಪಾನಾ ಅಂದ್ರ ಎರಡರಾಗೂ ಪಾನಾ.
ಅವನs ಬಿಚ್ಚಿದ, ತಿಕ್ಕಿದ, ಹಾಕಿದ. ಚಾಲೂ.
ರೊಕ್ಕಾ ಹಿಡದ್ರ ಕೈ ಹಿಂದಕ ತಗೊಂಡ.
ನನ್ನ ಪೆಟ್ಟಿಗಿ ಕಡೆ ನೋಡಿದ, ಅದರ ಮ್ಯಾಲ ಮಿಶಿನ್ ಚಿತ್ರ.
ಮಡಗಾರ್ಡ್ ಮ್ಯಾಲ ಮಗಳು ಕುಂತಿದ್ದಳು,
ಶಾಲಿ ಅಂಗಿ, ಮ್ಯಾಲಿನ ಗುಂಡಿ ಇಲ್ಲ,
ಗಾಳಿ ಸೀದಾ ಎದಿಗಿ.

ದಾನಮ್ಮಾ, ನನ್ನ ಹಂತೇಲಿ ಮಿಶಿನ್ ಸೂಜಿ ನೂರಿದ್ದವು.
ಮಿಶಿನ್ ಸೂಜಿ ಕಣ್ಣು ಮೊನಿ ಮ್ಯಾಲ ಇರ್ತದ,
ಕೈಯಾಗ ಹಿಡದ್ರ ಹೊಲಿಯಂಗಿಲ್ಲ.
ಕೈಸೂಜಿ? ಒಂದೂ ಇಲ್ಲ. ದಾರ? ಇಲ್ಲ.
ಇಪ್ಪತ್ತು ವರ್ಷದ ಮಿಶಿನ್‌ಬಾಯಿ, ಬರೇ ಕೈಲೇ ನಿಂತೆ.
ಆಮ್ಯಾಲ ನನ್ನ ಜಂಪರಿಂದs ಒಂದು ಗುಂಡಿ ಕಿತ್ತೆ,
ಹಾರ್ನಿನ ಹಳೇ ವಾಯರ್ ಸುಲದೆ,
ತಾಮ್ರದ ಒಂದು ಎಳಿ, ಕೂದಲಿನಷ್ಟು,
ಟ್ರ್ಯಾಕ್ಟರಿನ ಬೆಳಕಿನ್ಯಾಗ ಕಟ್ಟಿದೆ, ತುದಿ ಒಳಗ ಮಡಚಿ,
ಎದಿಗಿ ಚುಚ್ಚಬಾರದಂತ ಟ್ಯೂಬಿನ ಚೂರು ಅಡಿಗಿ ಇಟ್ಟು.
ಹುಡುಗಿ ಬಗ್ಗಿ ಗುಂಡಿ ನೋಡಿಕೊಂಡಳು. ಹೊಳಿತಿತ್ತು.
ನಗಲಿಲ್ಲ ಪಾ ಅದು, ನಿದ್ದಿಗಣ್ಣು.

ಮನಿ ತನಕ ಒಂದು ಕೈಲೇ ಜಂಪರ್ ಹಿಡಕೊಂಡು ಬಂದೆ,
ಕ್ಲಚ್ ಎಂಗ ಒತ್ತಿದೆ ಅಂತ ಕೇಳಬ್ಯಾಡ.

ಅದಕ್ಕ ಈ ಡಬ್ಬಿ. ಗುಂಡಿ, ಕೈಸೂಜಿ, ಬಿಳಿ ದಾರ.
ಅಂದಿಂದ ಯಾರೂ ಬೇಡಿಲ್ಲ.
ಇರಲಿ, ಬಡಬಡ ಅಂತದ, ರಸ್ತೆ ಕೆಟ್ಟಲ್ಲಿ ಜೋಡಿ ಇದ್ದಂಗ.

ಪಾನಾ ಮಾತ್ರ ಯಾರಿಗೂ ಕೊಡಬ್ಯಾಡ.
ಬೇಡಿದ್ರ ಇಳಿ,
ನೀನs ಹೋಗಿ ಬಿಚ್ಚಿ ಕೊಡು.